ಜನ್ನನ ಮೂರು ಕೆಲಸಗಳು

ಹಗಲು ಸಾಫ್ಟ್‌ವೇರ್ ಬರೆದು, ಇರುಳು ಸಂಗೀತ ಸಂಯೋಜಿಸಿ, ರಜೆಯಲ್ಲಿ ವಿಡಿಯೊ ಗೇಮ್ ಕಟ್ಟುವವರನ್ನು ಕಂಡರೆ ‘ಅದಿರಲಿ, ನಿನ್ನ ನಿಜವಾದ ಕೆಲಸ ಯಾವುದು?’ ಎಂದು ಕೇಳುವುದು ನಮ್ಮ ರೂಢಿ. ಹೊಯ್ಸಳರ ಕಾಲದ ಸಾಹಿತ್ಯವನ್ನು ಸಂಶೋಧನೆಗಾಗಿ ಓದುತ್ತಿರುವ ನನಗೆ ಈ ಪ್ರಶ್ನೆ ಕೇಳಿದಾಗಲೆಲ್ಲ ಜನ್ನ ನೆನಪಾಗುತ್ತಾನೆ.

ಜನ್ನ ಕವಿ, ಮಂತ್ರಿ, ದಂಡಾಧೀಶ. ‘ಯಶೋಧರ ಚರಿತೆ’ 1209ರದು, ‘ಅನಂತನಾಥ ಪುರಾಣ’ 1230ರದು. ಇಮ್ಮಡಿ ವೀರಬಲ್ಲಾಳ ಅವನಿಗೆ ‘ಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟ. ಈ ಕಾವ್ಯಗಳಿಗೂ ಮೊದಲೇ ಅವನು ಶಾಸನಗಳನ್ನು ರಚಿಸಿದ್ದ. ಹಳೇಬೀಡಿನಲ್ಲಿ, ಅಂದರೆ ಅಂದಿನ ದೋರಸಮುದ್ರದಲ್ಲಿ, ಗಂಗರಾಜನ ಮಗ ಬೊಪ್ಪ ಕಟ್ಟಿಸಿದ ವಿಜಯಪಾರ್ಶ್ವ ಬಸದಿಗೆ ದ್ವಾರ ಕಟ್ಟಿಸಿದವನೂ ಇವನೇ.

ನಾವು ಇವನನ್ನು ಹಂಚಿಕೊಂಡಿದ್ದೇವೆ. ಕಾವ್ಯ ಕನ್ನಡ ವಿಭಾಗಕ್ಕೆ, ಶಾಸನ ಇತಿಹಾಸ ವಿಭಾಗಕ್ಕೆ, ಬಾಗಿಲು ಪುರಾತತ್ವದವರಿಗೆ. ಈ ಹಂಚಿಕೆಯಲ್ಲಿ ಕಳೆದುಹೋಗುವುದು ಸಣ್ಣದಲ್ಲ. ‘ಯಶೋಧರ ಚರಿತೆ’ಯಲ್ಲಿ ರಾಜನು ಬಲಿಕೊಡುವುದು ಹಿಟ್ಟಿನ ಕೋಳಿಯನ್ನು, ಆದರೂ ಆ ಸಂಕಲ್ಪಹಿಂಸೆಯ ಫಲವನ್ನು ಜನ್ಮಜನ್ಮಗಳಲ್ಲಿ ಉಣ್ಣಬೇಕಾಗುತ್ತದೆ. ಕೊಲ್ಲುವ ಯೋಚನೆಗೂ ಲೆಕ್ಕ ಕೇಳುವ ಈ ಕಾವ್ಯವನ್ನು ಬರೆದವನು ಸೇನೆಯ ಅಧಿಕಾರಿ. ಇದನ್ನು ನೆನಪಿಟ್ಟುಕೊಂಡು ಓದಿದರೆ ಅಹಿಂಸೆ ಅಲ್ಲಿ ಬರೀ ಮತತತ್ವವಾಗಿ ಉಳಿಯದೆ, ಕತ್ತಿಯ ಬಲ್ಲವನೊಬ್ಬನ ಆತ್ಮಪರೀಕ್ಷೆಯಂತೆ ಕೇಳಿಸುತ್ತದೆ. ಒಂದು ಕೆಲಸ ಇನ್ನೊಂದನ್ನು ಕೆಡಿಸಲಿಲ್ಲ, ಪ್ರಶ್ನಿಸಿತು.

ಹಾಗೆಂದು ಇದನ್ನು ಒಬ್ಬನ ಪ್ರತಿಭೆಯ ಪವಾಡವೆನ್ನಲಾಗದು. ಜನ್ನನ ತಂದೆ ಸುಮನೋಬಾಣ ಕವಿಯೂ ಹೌದು, ಕಟಕೋಪಾಧ್ಯಾಯನೂ ಹೌದು. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನ ಭಾವ, ‘ಶಬ್ದಮಣಿದರ್ಪಣ’ದ ಕೇಶಿರಾಜ ಸೋದರಳಿಯ. ಓದು, ಆಸ್ಥಾನ, ಅಧಿಕಾರ ಮೂರೂ ಆ ಮನೆಯಲ್ಲೇ ಇದ್ದವು.

ಇದೇ ಮಾತನ್ನು ಬೇಲೂರಿನಲ್ಲಿ ನಿಂತು ಕೇಳಿಕೊಳ್ಳಬೇಕು. 1117ರಲ್ಲಿ ಪ್ರತಿಷ್ಠೆಯಾದ ಆ ದೇಗುಲದ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ನರ್ತಕಿಯ ಭಂಗಿ, ಮದ್ದಳೆ ಬಾರಿಸುವ ಕೈ, ಮೈಯ ಅಳತೆ ಇವೆಲ್ಲ ತಿಳಿಯದೆ ಆ ಮದನಿಕೆಯರು ಮೂಡುವುದಿಲ್ಲ. ಜನ್ನನ ಎರಡು ಕಾವ್ಯಗಳ ನಡುವಿನ ವರ್ಷಗಳಲ್ಲಿ, 1220ರಲ್ಲಿ, ಕಟ್ಟಿದ ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪ ಜ್ಯಾಮಿತಿಯಿಲ್ಲದೆ ನಿಲ್ಲುವುದಿಲ್ಲ. ಆದರೂ ಇವರನ್ನು ಗಣಿತಜ್ಞರೆಂದಾಗಲಿ ನಾಟ್ಯ ಬಲ್ಲವರೆಂದಾಗಲಿ ಯಾರೂ ಕರೆಯಲಿಲ್ಲ. ಜನ್ನನ ಮೂರು ವಿದ್ಯೆಗೆ ಮೂರು ಹೆಸರು ಸಿಕ್ಕವು. ದಾಸೋಜನ ಅಷ್ಟೂ ವಿದ್ಯೆಗೆ ಸಿಕ್ಕಿದ್ದು ರೂವಾರಿ ಎಂಬ ಒಂದೇ ಹೆಸರು.

ಹಲವು ಕೆಲಸ ಬಲ್ಲವರು ಎಲ್ಲ ಕಾಲದಲ್ಲೂ ಇದ್ದರು. ಅವರಲ್ಲಿ ಯಾರನ್ನು ಬಹುಮುಖ ಪ್ರತಿಭೆ ಎನ್ನಬೇಕು, ಯಾರನ್ನು ಬರೀ ಕೆಲಸಗಾರ ಎನ್ನಬೇಕು ಎಂಬುದನ್ನು ತೀರ್ಮಾನಿಸಿದ್ದು ಅವರ ವಿದ್ಯೆಯಲ್ಲ, ಸ್ಥಾನಮಾನ. ಇಂದಿನ ಬಹುವೃತ್ತಿಯ ತರುಣರನ್ನು ‘ನಿನ್ನ ನಿಜವಾದ ಕೆಲಸ ಯಾವುದು?’ ಎಂದು ಕೇಳುವ ಬದಲು, ಅವರಿಗೆ ಆ ಬಿಡುವನ್ನೂ ಅವಕಾಶವನ್ನೂ ಕೊಟ್ಟಿದ್ದು ಯಾವುದು, ಅದು ಇನ್ನಾರಿಗೆ ಸಿಗಲಿಲ್ಲ ಎಂದು ಕೇಳುವುದು ಮೇಲು.