ಬರಗಾಲ ಹಾಕಿಸಿದ ಹಳಿ

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಆದರೆ ಆ ರೈಲು ಇಂದಿನ ಸಿಟಿ ನಿಲ್ದಾಣಕ್ಕೆ ಬರಲಿಲ್ಲ. ಜೋಲಾರಪೇಟೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿ ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಮುಗಿದಿತ್ತು. ವ್ಯಾಪಾರದ ಕೇಂದ್ರವಾಗಿದ್ದ ಹಳೆಯ ಪೇಟೆ ಮುಂದೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಹಳಿ ದಂಡಿನಲ್ಲೇ ನಿಂತುದರ ಪರಿಣಾಮ 1876–78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಅರಿವಿಗೆ ಬಂತು. ಮದ್ರಾಸಿನ ಕಡೆಯಿಂದ ಧಾನ್ಯ ರೈಲಿನಲ್ಲಿ ಬೆಂಗಳೂರಿನ ತನಕ ಬರಬಹುದಿತ್ತು. ಅಲ್ಲಿಂದಾಚೆಯ ಊರುಗಳಿಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು.

ಹಸಿದವರಿಗೆ ಕೂಲಿ ಒದಗಿಸಲು ಸರ್ಕಾರ ಕೈಗೊಂಡ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲು ಮಾರ್ಗವೂ ಒಂದು. ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ, ಅದು ಮೈಸೂರು ಮುಟ್ಟಿತು. ಪೇಟೆಯ ಪಶ್ಚಿಮದ ಅಂಚಿನಲ್ಲಿದ್ದ ಸಿಟಿ ನಿಲ್ದಾಣಕ್ಕೆ ಮಹತ್ವ ಬಂದದ್ದು ಈ ಮಾರ್ಗದಿಂದ. ಮುಂದೆ ದಂಡಿನ ಹಳಿಯೂ ಇಲ್ಲಿಗೆ ಬಂದು ಕೂಡಿತು.

ಆದರೆ ಎರಡು ಹಳಿಗಳ ಅಳತೆ ಒಂದೇ ಆಗಿರಲಿಲ್ಲ. ಮದ್ರಾಸ್ ಮಾರ್ಗ ಬ್ರಾಡ್‌ಗೇಜ್, ಮೈಸೂರು ಮಾರ್ಗ ಮೀಟರ್‌ಗೇಜ್. ಮದ್ರಾಸಿನಿಂದ ಮೈಸೂರಿಗೆ ಹೊರಟವರು ಬೆಂಗಳೂರಿನಲ್ಲಿ ಗಾಡಿ ಬದಲಿಸಲೇಬೇಕು. ಸರಕನ್ನೂ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕು. 1990ರ ದಶಕದಲ್ಲಿ ಮೈಸೂರು ಮಾರ್ಗ ಬ್ರಾಡ್‌ಗೇಜ್ ಆದ ಮೇಲೆ ಈ ತೊಡಕು ನೀಗಿತು.

ನಿಲ್ದಾಣದ ಎದುರಿಗೆ ಆಗ ಧರ್ಮಾಂಬುಧಿ ಕೆರೆಯಿತ್ತು. ಪೇಟೆಗೆ ನೀರುಣಿಸಿದ ಈ ಕೆರೆ ಬತ್ತಿ ಬಯಲಾಯಿತು. ಬಯಲು ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಒಂದು ಚಿತ್ರಮಂದಿರದ ಹೆಸರಿನಿಂದ ಇಡೀ ಪ್ರದೇಶ ಮೆಜೆಸ್ಟಿಕ್ ಆಯಿತು. 2016ರಲ್ಲಿ ನೆಲದಡಿಯ ಮೆಟ್ರೊ ಇಲ್ಲಿಗೆ ಬಂತು, ಮರುವರ್ಷ ಎರಡನೆಯ ಮಾರ್ಗವೂ ಸೇರಿತು. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಎಂಬ ಹೆಸರು ರೈಲು ನಿಲ್ದಾಣಕ್ಕೆ ಬಂದದ್ದೂ 2016ರಲ್ಲೇ.

ರೈಲಿಳಿದವರು ಇಂದು ಬಸ್ಸನ್ನೋ ಮೆಟ್ರೊವನ್ನೋ ಹುಡುಕುತ್ತಾರೆ. ಇಲ್ಲಿಂದ ಮುಂದಕ್ಕೆ ಹೋಗುವುದು ಹೇಗೆ ಎಂಬುದೇ ಅವರ ಮೊದಲ ಪ್ರಶ್ನೆ. ಕ್ಷಾಮದ ವರ್ಷಗಳಲ್ಲಿ ದಂಡಿನ ನಿಲ್ದಾಣದಲ್ಲಿಳಿದ ಧಾನ್ಯದ ಮೂಟೆಗಳ ಮುಂದಿದ್ದದ್ದೂ ಇದೇ ಪ್ರಶ್ನೆ. ಅಂದು ಅದಕ್ಕೆ ಉತ್ತರ ಸಿಗದೆ ಜನ ಪ್ರಾಣ ತೆತ್ತರು.