ಸ್ವಾತಿ ಮಳೆಗೆ ಸಿಕ್ಕ ಬಂದರು

ಮಂಗಳೂರಿನ ಮಳೆ ಎಂದ ಕೂಡಲೇ ಎಲ್ಲರೂ ಹೇಳುವುದು ಆಟಿ ತಿಂಗಳ ಮಳೆಯನ್ನು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರು. ಅದರ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಆದರೆ ಬಂದರಿನವರಿಗೆ ಆ ಮಳೆಯ ಮೇಲೆ ಅಷ್ಟೇನೂ ದೂರಿಲ್ಲ. ಅದರ ಜೋರಿನ ದಿನಗಳಲ್ಲಿ ಕಡಲಿಗಿಳಿಯುವ ಹಾಗೆಯೇ ಇಲ್ಲ. ಬೋಟುಗಳು ದಕ್ಕೆಯಲ್ಲಿ ಒತ್ತೊತ್ತಾಗಿ ಕಟ್ಟಿಕೊಂಡಿರುತ್ತವೆ, ಬಲೆಗಳು ಶೆಡ್ಡು ಸೇರಿರುತ್ತವೆ, ನೆನೆದು ಹಾಳಾಗುವಂಥದ್ದು ಹೊರಗೆ ಏನೂ ಉಳಿದಿರುವುದಿಲ್ಲ. ಅವರಿಗೆ ಅಂಜಿಕೆ ಇರುವುದು ದೀಪಾವಳಿಯ ಆಸುಪಾಸಿನಲ್ಲಿ ವಾರಗಟ್ಟಲೆ ಹಿಡಿಯುವ ಮಳೆಯದು. ತುಳುವರ ಲೆಕ್ಕದಲ್ಲಿ ಅದು ಬೊಂತೇಲ್ ತಿಂಗಳು. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಚಿತ್ತಾ ಕಳೆದು ಸ್ವಾತಿ ಹುಟ್ಟುವ ಹೊತ್ತು. ಗದ್ದೆಯಲ್ಲಿ ಏಣೆಲು ಭತ್ತದ ಬೆಳೆ ಕೊಯ್ಲಿಗೆ ಬಂದಿರುತ್ತದೆ, ಕಡಲಕರೆಯ ಹೊಯಿಗೆಯ ಮೇಲೆ ಮೀನು ಒಣಗುತ್ತಿರುತ್ತದೆ, ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗಳಿಗೆ, ಅಂದರೆ ಸರಕಿನ ದೋಣಿಗಳಿಗೆ, ಸಾಮಾನು ಏರುತ್ತಿರುತ್ತದೆ. ಊರಿನ ಸಿರಿಯೆಲ್ಲ ಬಯಲಿಗೆ ಬಂದಿರುವಾಗ ಸುರಿಯುವ ಮಳೆ ಇದು. ಮಂಗಳೂರಿನ ಚರಿತ್ರೆ ಬರೆದವರು ಕೋಟೆ, ಕದನ, ಒಪ್ಪಂದಗಳಿಗೆ ಕೊಟ್ಟ ಗಮನವನ್ನು ಈ ಮಳೆಗೂ ಕೊಡಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಳೆ ಬಂದರು ಕಡಲಿಗೆ ನೇರವಾಗಿ ಮುಖ ಮಾಡಿ ನಿಂತಿಲ್ಲ. ಉತ್ತರದಿಂದ ಗುರುಪುರ ಹೊಳೆ, ಅಂದರೆ ಫಲ್ಗುಣಿ, ಕಡಲಿಗೆ ಸಮಾನಾಂತರವಾಗಿ ತೆಂಕಣಕ್ಕೆ ಹರಿದು ಬರುತ್ತದೆ; ಮೂಡಣದಿಂದ ನೇತ್ರಾವತಿ ಬರುತ್ತದೆ. ಎರಡೂ ಕೂಡಿ ಅಳಿವೆ ಬಾಗಿಲಿನಲ್ಲಿ ಕಡಲು ಸೇರುತ್ತವೆ. ಹೊಳೆಗೂ ಕಡಲಿಗೂ ನಡುವೆ ಬೆಂಗ್ರೆಯ ಮರಳ ಪಟ್ಟಿ ಅಡ್ಡ ಮಲಗಿದೆ. ಅಲೆಯ ಹೊಡೆತವನ್ನು ಅದು ತಡೆದುಕೊಂಡದ್ದರಿಂದಲೇ ಒಳಗೆ ಬಂದರು ಬೆಳೆಯಿತು. ಬೆಂಗ್ರೆಯವರು ಇವತ್ತಿಗೂ ಪೇಟೆಗೆ ಬರುವುದು ದೋಣಿ ಹತ್ತಿ. ಆದರೆ ಕಾಯುವ ಈ ಮರಳೇ ಅಳಿವೆಯ ಬಾಯಲ್ಲಿ ದಿಣ್ಣೆ ಕಟ್ಟಿ ದಾರಿಯನ್ನೂ ಅಡ್ಡಗಟ್ಟುತ್ತದೆ. ಹೊಳೆ ಕೆಂಪಾಗಿ ಹರಿದ ಪ್ರತಿ ಸಲವೂ ಆಳ ಎಲ್ಲಿದೆ, ದಿಣ್ಣೆ ಎಲ್ಲಿದೆ ಎಂಬುದನ್ನು ಬೋಟು ನಡೆಸುವ ತಾಂಡೇಲರು ಹೊಸದಾಗಿ ನೋಡಿಕೊಳ್ಳಬೇಕು.

ದೀಪಾವಳಿಯ ಹೊತ್ತಿನ ಈ ಹಿಂಗಾರಿನ ಮಳೆಯ ನಡೆಯೇ ಬೇರೆ. ಮುಂಗಾರು ಪಡುವಣದ ಕಡಲಿನಿಂದ ಹಗಲು ರಾತ್ರಿಯೆನ್ನದೆ ಬರುತ್ತದೆ. ಹಿಂಗಾರು ಬರುವುದು ಮೂಡಣದಿಂದ, ಗಟ್ಟದ ಕಡೆಯಿಂದ. ಬೆಳಗ್ಗೆ ತಿಳಿ ಬಿಸಿಲು, ಮಧ್ಯಾಹ್ನ ಮೈಗೆ ಅಂಟುವ ಸೆಕೆ, ನಾಲ್ಕು ಗಂಟೆಯ ಮೇಲೆ ಗಟ್ಟದ ನೆತ್ತಿಯಲ್ಲಿ ಕಪ್ಪು ಮೋಡದ ರಾಶಿ, ಕತ್ತಲಾಗುತ್ತಲೇ ಗುಡುಗು ಸಿಡಿಲಿನೊಂದಿಗೆ ಒಂದು ಗಂಟೆಯ ಬಿರುಮಳೆ. ಆಟಿಯಲ್ಲಿ ಸಿಡಿಲು ಕಡಿಮೆ. ಬೊಂತೇಲಿನಲ್ಲಿ ತೆಂಗಿನ ಮರಗಳು ಸುಟ್ಟು ನಿಲ್ಲುತ್ತವೆ. ಇಷ್ಟೇ ಆದರೆ ಬಂದರಿನ ಕೆಲಸ ನಿಲ್ಲುವುದಿಲ್ಲ, ಮಧ್ಯಾಹ್ನದೊಳಗೆ ಮುಗಿಸಿಕೊಳ್ಳುತ್ತಾರೆ. ಇದೇ ದಿನಗಳಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಮುಂಗಾರಿನ ಬಲವಾದ ಮೇಲ್ಗಾಳಿ ಇಳಿದಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಚಂಡಮಾರುತ ಕಟ್ಟಿಕೊಳ್ಳಲು ಮುಖ್ಯವಾಗಿ ಬೇಕಾದದ್ದು ಅಷ್ಟೇ. ಆಗ ಸಂಜೆಯ ಮಳೆ ಇಡೀ ದಿನದ ಮಳೆಯಾಗುತ್ತದೆ, ಒಂದು ದಿನದ್ದು ವಾರದ್ದಾಗುತ್ತದೆ.

2019ರಲ್ಲಿ ಆದದ್ದು ಹಾಗೆಯೇ. ಅಕ್ಟೋಬರ್ 24ಕ್ಕೆ ಸ್ವಾತಿ ಮಳೆ ಹುಟ್ಟುವ ಹೊತ್ತಿಗೆ ಕಡಲಲ್ಲಿ ಕ್ಯಾರ್ ಚಂಡಮಾರುತ ಕಟ್ಟಿಕೊಳ್ಳುತ್ತಿತ್ತು. 27ನೇ ತಾರೀಕು ನರಕ ಚತುರ್ದಶಿಯ ಎಣ್ಣೆಸ್ನಾನದ ದಿನ ಅದು ಸೂಪರ್ ಸೈಕ್ಲೋನ್ ಆಯಿತು. 2007ರ ಗೋನು ಬಿಟ್ಟರೆ ಅರಬ್ಬಿ ಸಮುದ್ರದಲ್ಲಿ ಆ ಮಟ್ಟ ಮುಟ್ಟಿದ ಇನ್ನೊಂದು ದಾಖಲಾಗಿರಲಿಲ್ಲ. ಅದು ದಡ ಮುಟ್ಟದೆ ಪಡುವಣಕ್ಕೆ ಸರಿಯಿತು ಎನ್ನುವಾಗಲೇ, ಬಲಿಪಾಡ್ಯಮಿಯ ಮರುದಿನ 30ಕ್ಕೆ ಲಕ್ಷದ್ವೀಪದ ಹತ್ತಿರ ‘ಮಹಾ’ ಎದ್ದಿತು. ಎರಡು ಚಂಡಮಾರುತಗಳು ಏಕಕಾಲಕ್ಕೆ ಒಂದೇ ಕಡಲಿನಲ್ಲಿ. ಗೂಡುದೀಪಗಳಿಗೆ ಪ್ಲಾಸ್ಟಿಕ್ ಹೊದೆಸಿ ತೂಗಿದ ದೀಪಾವಳಿ ಅದು. ಬಲೀಂದ್ರನನ್ನು ಕರೆಯಲು ಗದ್ದೆಗೆ ದೀಪ ಒಯ್ಯುವವರು ಕೊಡೆ ಹಿಡಿದೇ ಹೋಗಬೇಕಾಯಿತು. ಬಂದರಿನಲ್ಲಿ ಎಚ್ಚರಿಕೆಯ ಸಂಕೇತ ಏರಿತು, ಆಳಸಮುದ್ರದಲ್ಲಿದ್ದ ಬೋಟುಗಳು ಸಿಕ್ಕ ಬಂದರಿಗೆ ಓಡಿ ಬಂದವು. ಜೂನ್ ಒಂದರಿಂದ ಜುಲೈ ಕೊನೆಯವರೆಗಿನ 61 ದಿನಗಳ ನಿಷೇಧ ಮುಗಿಸಿ, ಸಾಲ ಮಾಡಿ ಡೀಸೆಲ್ ತುಂಬಿಸಿ ಇಳಿದವರಿಗೆ ಬಂಗುಡೆ, ಬೂತಾಯಿ ಕೈಗೆ ಹತ್ತುವ ಕಾಲದಲ್ಲೇ ಮತ್ತೆ ದಕ್ಕೆಯಲ್ಲಿ ಕೂರುವ ಪಾಡು.

ಈ ಪಾಡು ಇಂದಿನದಲ್ಲ. ಹಾಯಿಹಡಗಿನ ಕಾಲದಲ್ಲಿ ಏಡನ್ನಿನಿಂದ ಹೊರಡುವವರು ಮುಂಗಾರಿನ ಬಾಲ ಹಿಡಿದು ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಹಾಯಿ ಬಿಚ್ಚುತ್ತಿದ್ದರು. ನಮ್ಮ ಕರೆಗೆ ಬಂದು ಸರಕು ಇಳಿಸಿ ವ್ಯವಹಾರಕ್ಕೆ ಕೂರುವ ಹೊತ್ತಿಗೆ ಹಿಂಗಾರಿನ ದಿನಗಳು. ಟುನೀಶಿಯಾ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಹದಿನೇಳು ವರ್ಷದಷ್ಟು ಕಾಲ ಈ ಕರಾವಳಿಯಲ್ಲಿ ನೆಲೆಸಿದ್ದ. ಕೈರೋದ ಸಿನಗಾಗ್ ಒಂದರಲ್ಲಿ ಉಳಿದುಬಂದ ಹಳೆಯ ಕಾಗದಗಳಿಂದ ಅವನ ಬದುಕು ತಿಳಿಯಿತು. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಅವನು ಬರೆಸಿದ ಪತ್ರ ಹುಟ್ಟಿದ್ದು ಮಂಗಳೂರಿನಲ್ಲಿ, 1132ರ ಅಕ್ಟೋಬರ್ 17ರಂದು, ಅಂದರೆ ಹಿಂಗಾರಿನ ದಿನಗಳಲ್ಲೇ. ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣ ಅವನು ಕಳಿಸುತ್ತಿದ್ದ ಸರಕು. ಹಿತ್ತಾಳೆ ಪಾತ್ರೆಯ ಕಮ್ಮಟವೂ ಅವನಿಗಿತ್ತು. ಏಡನ್ನಿನ ಸ್ನೇಹಿತರು ಅವನಿಗೆ ಕಳಿಸುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ. ಮೂರೂ ನೀರು ತಾಗಿದರೆ ಕೆಡುವ ವಸ್ತುಗಳು. ಅವನ್ನು ಹಡಗಿನಿಂದ ದೋಣಿಗೆ, ದೋಣಿಯಿಂದ ಗೋದಾಮಿಗೆ ಒಣಗಿದ್ದಂತೆಯೇ ದಾಟಿಸಿದ ಕೂಲಿಯಾಳುಗಳ ಹೆಸರು ನಮಗೆ ತಿಳಿಯದು. ಎರಡು ಶತಮಾನದ ಬಳಿಕ ಇಬ್ನ್ ಬತೂತ ಬಂದಾಗ ಫಾರಸ್, ಯೆಮನ್‌ಗಳ ವ್ಯಾಪಾರಿಗಳು ಇಳಿಯುವ ಊರು, ಮೆಣಸು ಶುಂಠಿ ಹೇರಳ ಎಂದು ಬರೆದ.

1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಮುದ್ರಣ, ನೇಯ್ಗೆ, ಶಾಲೆ ತಂದರು. ಅವರಲ್ಲಿ ಪ್ಲೆಬ್ಸ್ಟ್ 1865ರಲ್ಲಿ ಹೊಳೆದಡದ ಆವೆಮಣ್ಣಿನಿಂದ ಹಂಚು ಸುಡಿಸಿದ. ಮಂಗಳೂರು ಹಂಚು ಇದೇ ದಕ್ಕೆಯಿಂದ ಮಂಜಿ ಹತ್ತಿ ದೇಶಾಂತರ ಹೋಯಿತು. ಇಳಿಜಾರು ಮಾಡಿನ ಮೇಲೆ ಒಂದರ ತುಟಿಗೆ ಇನ್ನೊಂದು ಕೂತು ನೀರು ಜಾರಿಸುವ ಆ ಹಂಚು, ಇಲ್ಲಿನ ಮಳೆ ಹೊರಗಿನ ಊರುಗಳಿಗೆ ಕೊಟ್ಟ ಕೊಡುಗೆ.

ಇಂದು ದೊಡ್ಡ ಹಡಗುಗಳೆಲ್ಲ ಪಣಂಬೂರಿಗೆ. ನವಮಂಗಳೂರು ಬಂದರು 1974ರಲ್ಲಿ ಮೇಜರ್ ಬಂದರಾಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅಲ್ಲಿ ಮಳೆಯ ಸಂಕಟ ಇಷ್ಟಿಲ್ಲ. ಹಳೆ ಬಂದರಿಗೆ ಉಳಿದದ್ದು ಮೀನು, ಮತ್ತು ಲಕ್ಷದ್ವೀಪ. ಅಮೀನಿ, ಕಿಲ್ತಾನ್, ಚೆಟ್ಲತ್, ಕಡಮತ್ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆಡಳಿತದ ನಂಟು ಹರಿದರೂ ಪೇಟೆಯ ನಂಟು ಹರಿಯಲಿಲ್ಲ. ದ್ವೀಪದಲ್ಲಿ ತೆಂಗು ಬಿಟ್ಟರೆ ಬೆಳೆಯುವುದು ಅಲ್ಪ. ಅಕ್ಕಿ, ತರಕಾರಿ, ಸಿಮೆಂಟು, ಇಟ್ಟಿಗೆ, ಜಲ್ಲಿ ಎಲ್ಲವೂ ಹೊರಗಿನಿಂದಲೇ ಹೋಗಬೇಕು. ಮಳೆಗಾಲದ ನಾಲ್ಕು ತಿಂಗಳು ಮಂಜಿ ಓಡುವುದಿಲ್ಲವಾದ್ದರಿಂದ ಹಿಂಗಾರಿನ ಹೊತ್ತಿಗೆ ಅಲ್ಲಿನ ಅಂಗಡಿಗಳು ಬರಿದಾಗಿರುತ್ತವೆ.

ಮಂಜಿಗೆ ಸಾಮಾನು ಹೇರುವುದನ್ನು ನಿಂತು ನೋಡಬೇಕು. ದಕ್ಕೆಯ ಅಂಚಿನಿಂದ ಮಂಜಿಯ ಬದಿಗೆ ಒಂದು ಹಲಗೆ. ಅದರ ಮೇಲೆ ತಲೆಹೊರೆ ಹೊತ್ತ ಹಮಾಲಿಗಳ ಸಾಲು. ಸಿಮೆಂಟಿನ ಚೀಲ ಅಡಿಗೆ, ಅಕ್ಕಿ ಅದರ ಮೇಲೆ, ಈರುಳ್ಳಿ ಟೊಮೆಟೊ ಗಾಳಿಯಾಡುವ ಹಾಗೆ ಕೊನೆಗೆ. ಹನಿ ಬಿದ್ದ ಕೂಡಲೇ ಹಲಗೆ ಜಾರುತ್ತದೆ, ಕೆಲಸ ನಿಲ್ಲುತ್ತದೆ, ಟರ್ಪಾಲು ಎಳೆಯುತ್ತಾರೆ. ಟರ್ಪಾಲಿನಡಿ ಕಟ್ಟಿದ ಸೆಕೆಗೆ ಈರುಳ್ಳಿ ಮೊಳೆಯುತ್ತದೆ, ಟೊಮೆಟೊ ನೀರೊಡೆಯುತ್ತದೆ, ನೀರು ತಾಗಿದ ಸಿಮೆಂಟು ಚೀಲದಲ್ಲೇ ಕಲ್ಲಾಗುತ್ತದೆ. ಗಟ್ಟ ಇಳಿದು ಬಂದ ತರಕಾರಿ ಲಾರಿಗಳು ಹಿಂದೆ ಹೋಗಲಾರವು. ವಾರ ಮಳೆ ಹಿಡಿದರೆ ಮಂಜಿಯವನ ಕೈಯಿಂದಲೂ ಹೋಯಿತು, ಅಂಗಡಿಯವನ ಕೈಯಿಂದಲೂ ಹೋಯಿತು, ದಿನಗೂಲಿಯ ಹಮಾಲಿಗಂತೂ ಬಂದದ್ದೇ ಇಲ್ಲ. ಬೆಂಗ್ರೆಯಲ್ಲಿ ಅರ್ಧ ಒಣಗಿದ ಮೀನಿನಲ್ಲಿ ಹುಳ ಬಿದ್ದರೆ ಒಣಮೀನಿನ ಹೆಂಗಸರು ಅದನ್ನು ಗೊಬ್ಬರದ ಬೆಲೆಗೆ ಕೊಡಬೇಕು.

ಮೂಡುಗಾಳಿ ಬೀಸಿ ಬಾನು ತಿಳಿಯಾದ ಬೆಳಗ್ಗೆಯೂ ಬಂದರು ಒಮ್ಮೆಲೇ ತೆರೆಯುವುದಿಲ್ಲ. ಮೊದಲು ಹೋಗುವುದು ಸಣ್ಣ ನಾಡದೋಣಿಗಳು. ಅಳಿವೆಯಲ್ಲಿ ದಿಣ್ಣೆ ಎಲ್ಲಿಗೆ ಸರಿದಿದೆ ಎಂಬ ಸುದ್ದಿ ಅವರಿಂದ ಬರಬೇಕು. ಬಳಿಕ ಐಸ್ ತುಂಬಿಸಿಕೊಂಡ ಪರ್ಸಿನ್, ಟ್ರಾಲ್ ಬೋಟುಗಳು. ಹೊರೆ ತುಂಬಿ ಆಳಕ್ಕೆ ಕೂತಿರುವ ಮಂಜಿಗಳು ಎಲ್ಲರಿಗಿಂತ ಕೊನೆಗೆ. ಕೊಳೆತದ್ದನ್ನು ಹೆಕ್ಕಿ ಎಸೆದು, ಹೊಸ ತರಕಾರಿ ಹೇರಿ, ಭರತದ ನೀರು ಏರುವ ಗಳಿಗೆಗೆ ಕಾದು ಹಗ್ಗ ಬಿಚ್ಚುತ್ತಾರೆ.