ದೋಣಿಯ ಸಾಕ್ಷಿ

ಹಾಲಿವುಡ್ ಸಿನಿಮಾಗಳಲ್ಲಿ ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಅಗಲವಾದ ಕಾಂಕ್ರೀಟ್ ಕಾಲುವೆಯನ್ನು ನೀವು ನೋಡಿರಬಹುದು. ಅದು ಲಾಸ್ ಏಂಜಲೀಸ್ ನದಿ. 1938ರ ಭೀಕರ ಪ್ರವಾಹದ ನಂತರ ಅಮೆರಿಕದ ಸೇನಾ ಎಂಜಿನಿಯರುಗಳ ದಳ ಸುಮಾರು 82 ಕಿಲೋಮೀಟರ್ ಉದ್ದದ ಈ ನದಿಯ ಬಹುಭಾಗಕ್ಕೆ ಕಾಂಕ್ರೀಟ್ ಹೊದಿಸಿತು. ಜನ ನೀರಿಗಿಳಿಯುವುದು ನಿಷಿದ್ಧವಾಯಿತು.

2006ರ ಸುಪ್ರೀಂ ಕೋರ್ಟ್ ತೀರ್ಪೊಂದರಿಂದಾಗಿ, ಶುದ್ಧ ನೀರಿನ ಕಾಯ್ದೆ ಯಾವ ಹೊಳೆಗೆ ಅನ್ವಯಿಸುತ್ತದೆ ಎಂಬುದೇ ವಿವಾದವಾಯಿತು. ನದಿ ದೋಣಿ ಸಾಗುವಂಥದ್ದಾದರೆ ಅದಕ್ಕೂ ಅದನ್ನು ಸೇರುವ ಹಳ್ಳಗಳಿಗೂ ರಕ್ಷಣೆ ಸಿಗುವುದು ಸುಲಭ. ಈ ನದಿಯಲ್ಲಿ ಕೆಲವೇ ಮೈಲಿ ಹಾಗಿದೆ ಎಂದಿತು ದಳ.

2008ರ ಜುಲೈನಲ್ಲಿ ಜಾರ್ಜ್ ವುಲ್ಫ್ ಮತ್ತು ಸಂಗಡಿಗರು ಕಯಾಕ್‌ಗಳಲ್ಲಿ ಮೂರು ದಿನ ಹುಟ್ಟುಹಾಕುತ್ತ ನದಿಯುದ್ದಕ್ಕೂ ಸಾಗಿದರು. ದಳದಲ್ಲೇ ಕೆಲಸದಲ್ಲಿದ್ದ ಜೀವಶಾಸ್ತ್ರಜ್ಞೆ ಹೆದರ್ ವೈಲಿ ಅವರ ಜೊತೆಗೂಡಿ, ಶಿಸ್ತುಕ್ರಮ ಎದುರಿಸಿದರು. 2010ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಇಡೀ ನದಿ ಸಂಚಾರಯೋಗ್ಯವೆಂದು ಘೋಷಿಸಿತು. 2011ರಲ್ಲಿ ಸೆಪುಲ್ವೆಡಾ ಜಲಾನಯನದ ಒಂದು ತುಣುಕು ಪ್ರಾಯೋಗಿಕವಾಗಿ ದೋಣಿವಿಹಾರಕ್ಕೆ ತೆರೆಯಿತು. 2013ರಲ್ಲಿ ಎಲಿಸಿಯನ್ ಕಣಿವೆಯ ಭಾಗವೂ ಸೇರಿತು.

ಚರಿತ್ರೆ ಓದುವ ನನಗೆ ಕುತೂಹಲ ಈ ಅನುಕ್ರಮದ್ದು. ನದಿ ಇದ್ದಲ್ಲಿ ದೋಣಿದಾರಿ ಹುಟ್ಟುವುದು ವಾಡಿಕೆ. ಇಲ್ಲಿ ದೋಣಿ ಸಾಗಿದ ಮೇಲೆ ಕಾನೂನಿನ ಕಣ್ಣಿಗೆ ನದಿ ಕಂಡಿತು. ಆದರೆ ಬೇಸಿಗೆಯಲ್ಲಿ ಆ ದೋಣಿಗಳನ್ನು ತೇಲಿಸುವ ನೀರಿನ ಬಹುಪಾಲು ನಗರ ಶುದ್ಧೀಕರಿಸಿ ಬಿಟ್ಟ ಕೊಳಚೆ ನೀರು. ಬರಗಾಲದ ಆ ಊರು ಅದನ್ನೆಲ್ಲ ಮರುಬಳಕೆಗೆ ತಿರುಗಿಸಿಕೊಂಡರೆ, ಕಾಗದದಲ್ಲಿ ಗೆದ್ದ ನದಿ ಮತ್ತೆ ಬರಿ ಕಾಲುವೆಯಾದೀತು.